ತಕ್ಕಡಿಗೆ ಮುದ್ರೆಯುಂಟು, ಮದ್ದಿಗೆ?

ಸಾಸ್ತಾನದ ಪೇಟೆಯಲ್ಲಿ ಅಂಗಡಿಕಾರನ ತಕ್ಕಡಿಗೆ ಮುದ್ರೆಯಿಲ್ಲದಿದ್ದರೆ ದಂಡ. ಅದು ನ್ಯಾಯವೇ. ಆದರೆ 2024ರ ನವೆಂಬರದಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯಾದ ಐವರು ತಾಯಂದಿರು ತೀರಿಕೊಂಡರು. ನರಕ್ಕೆ ಏರಿಸಿದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಸಂಶಯ ಬಂತು. ರಾಜ್ಯದ ಪರೀಕ್ಷೆಯಲ್ಲಿ ಕಳಪೆಯೆನಿಸಿದ ಬ್ಯಾಚುಗಳಿಗೆ ಕೇಂದ್ರದ ಪ್ರಯೋಗಾಲಯ ಉತ್ತಮವೆಂದು ಚೀಟಿ ಕೊಟ್ಟಿತ್ತೆಂದು ರಾಜ್ಯ ಸರ್ಕಾರವೇ ಹೇಳಿತು. ಔಷಧ ನಿಯಂತ್ರಕರನ್ನು ಅಮಾನತು ಮಾಡಿತು. 1940ರ ಕಾಯಿದೆ ಒಂದೇ, ತಕ್ಕಡಿ ಎರಡೇ?

ಬಾಂಧವರೇ, ಡಾಕ್ಟರು ಬರೆದ ಮದ್ದನ್ನು ಬಿಡಿರೆಂದು ನಾವು ಹೇಳುವುದಿಲ್ಲ. ನಾವು ಕೇಳುವುದು ಕಾವಲುಗಾರರ ಲೆಕ್ಕವನ್ನು. ಧಣಿಗೆ ದೊಡ್ಡ ಆಸ್ಪತ್ರೆಯುಂಟು. ಮಿಲ್ಲಿನ ಹೆಂಗಸಿಗೆ ಸರ್ಕಾರಿ ಆಸ್ಪತ್ರೆಯೇ ಗತಿ. ಪ್ರತಿ ಬ್ಯಾಚಿನ ಪರೀಕ್ಷೆಯ ಫಲವನ್ನು ಬಳಸುವ ಮುನ್ನವೇ ಆಸ್ಪತ್ರೆಯ ಬಾಗಿಲಿಗೆ ಹಚ್ಚಲಿ. ಸಂಶಯ ಬಂದ ಬಾಟಲಿ ಅಂದೇ ಕಪಾಟಿನಿಂದ ಇಳಿಯಲಿ. ಅಲ್ಲಿಯವರೆಗೆ ನಾವು ಕೇಳುತ್ತಲೇ ಇರುತ್ತೇವೆ.