ಕೆರೆಬೇಟೆಯಲ್ಲಿ ಮರಿಮೀನಿಗೂ ಒಂದು ಕಟ್ಟಳೆ ಬೇಕು

ಯುಗಾದಿ ಕಳೆದು ಬಿಸಿಲು ಬಲಿತಂತೆ ಸೊರಬ, ಸಾಗರ, ಹೊಸನಗರದ ಕಡೆಯ ಊರುಗಳಲ್ಲಿ ಕೆರೆಬೇಟೆಯ ಮಾತು ಏಳುತ್ತದೆ. ನೀರು ತಗ್ಗಿದ ಕೆರೆಗೆ ಊರವರೂ ನೆರೆಯೂರಿನವರೂ ಬಿದಿರಿನ ಕೂಣಿ ಹೊತ್ತು ಬರುತ್ತಾರೆ. ಕೂಣಿಗೆ ಇಷ್ಟು ಎಂದು ಹಣ ಕಟ್ಟುತ್ತಾರೆ. ಪೂಜೆಯಾಗಿ ಹಿರಿಯರು ಸನ್ನೆ ಕೊಟ್ಟೊಡನೆ ನೂರಾರು ಮಂದಿ ಒಮ್ಮೆಗೇ ನೀರಿಗಿಳಿಯುತ್ತಾರೆ. ಕೂಡಿದ ಹಣ ದೇವಸ್ಥಾನಕ್ಕೋ ಊರಿನ ಕೆಲಸಕ್ಕೋ ಸಲ್ಲುತ್ತದೆ. ಈ ಪದ್ಧತಿ ಉಳಿಯಬೇಕೆಂಬುದೇ ನಮ್ಮ ಅಭಿಪ್ರಾಯ. ಆದರೆ ಅದು ಉಳಿಯಬೇಕಾದರೆ ಊರಿನ ಸಭೆಯಲ್ಲಿ ಒಂದು ವಿಷಯ ಮೊದಲೇ ಇತ್ಯರ್ಥವಾಗಬೇಕು. ಚೀಲಕ್ಕೆ ಬೀಳುವ ಗೇಣುದ್ದದ ಮರಿಗಳನ್ನು ಏನು ಮಾಡಬೇಕು?

“ದುಡ್ಡು ಕಟ್ಟಿದ್ದೇನೆ, ಬರಿಗೈಯಲ್ಲಿ ಮನೆಗೆ ಹೋಗಲೇ?” ಎಂದು ಕೂಣಿ ಹಿಡಿದವನು ಕೇಳುವುದು ಸಹಜ. ಅದನ್ನು ತಳ್ಳಿಹಾಕುವಂತಿಲ್ಲ. ಆದರೂ ಒಂದು ಲೆಕ್ಕ ಹಾಕಿ ನೋಡೋಣ. ಒಳ್ಳೆಯ ಮೇವಿರುವ ಕೆರೆಯಲ್ಲಿ ಕಾಟ್ಲಾ ಮೀನು ಒಂದು ವರ್ಷದಲ್ಲಿ ಸುಮಾರು ಒಂದು ಕಿಲೋ ತೂಗುತ್ತದೆ. ಇನ್ನೂರು ಗ್ರಾಮಿನ ನೂರು ಮರಿಗಳನ್ನು ಈ ವರ್ಷ ಹಿಡಿದರೆ ಸಿಗುವುದು 20 ಕಿಲೋ. ಅವನ್ನು ಬಿಟ್ಟು, ಅರ್ಧದಷ್ಟು ಮಾತ್ರ ಉಳಿದರೂ, ಬರುವ ಬೇಸಿಗೆಗೆ 50 ಕಿಲೋ ಆಗುತ್ತದೆ. ಹಾಲುಗಟ್ಟಿದ ತೆನೆಯನ್ನು ಕೊಯ್ಯುವ ರೈತನುಂಟೇ?

ಇನ್ನೊಂದು ಸಂಗತಿಯನ್ನು ಎಲ್ಲರೂ ತಿಳಿದಿರಬೇಕು. ಕಾಟ್ಲಾ, ರೋಹು, ಮೃಗಾಲ್ ಜಾತಿಗಳು ನಮ್ಮ ಕೆರೆಗಳ ನಿಂತ ನೀರಿನಲ್ಲಿ ಸಂತಾನ ಮಾಡುವುದಿಲ್ಲ. ಅವಕ್ಕೆ ಮಳೆಗಾಲದ ಹರಿಯುವ ಹೊಳೆ ಬೇಕು. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಡಾ. ಹೀರಾಲಾಲ್ ಚೌಧರಿಯವರು ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಈ ಗೆಂಡೆ ಜಾತಿಯ ಮೀನು ಮೊಟ್ಟೆ ಇಡುವಂತೆ ಮಾಡಿದ ಮೇಲೆಯೇ ಮರಿಗಳನ್ನು ಬೇಕಾದಷ್ಟು ತಯಾರಿಸಿ ಊರೂರಿಗೆ ಕೊಡುವುದು ಸಾಧ್ಯವಾಯಿತು. ಆದುದರಿಂದ ಕೆರೆಯಲ್ಲಿರುವ ಪ್ರತಿಯೊಂದು ಕಾಟ್ಲಾ ಮರಿಯೂ ಯಾರೋ ತಂದು ಬಿಟ್ಟದ್ದು. ಅದನ್ನು ಎಳೆಯದರಲ್ಲೇ ಹಿಡಿದರೆ ಬಿತ್ತನೆಯ ಖರ್ಚೂ ಹೋಯಿತು, ಬೆಳೆಯೂ ಹೋಯಿತು.

ಕೊರವ, ಚೇಳುಮೀನು ಮುಂತಾದ ನಾಡಮೀನುಗಳ ಮಾತು ಬೇರೆ. ಇವು ಮುಂಗಾರಿನಲ್ಲಿ ಕೆರೆಯಂಚಿನ ಜೊಂಡು, ಹುಲ್ಲಿನ ನಡುವೆಯೇ ವಂಶ ಬೆಳೆಸುತ್ತವೆ. ಕೊರವ ಮೀನು ತನ್ನ ಮರಿಗಳ ಹಿಂಡನ್ನು ಕಾಯುವುದನ್ನು ನೋಡಿದವರು ನಮ್ಮ ಓದುಗರಲ್ಲಿ ಅನೇಕರಿರಬಹುದು. ಗೇಣಿಗಿಂತ ಚಿಕ್ಕ ಕೊರವ ಬಹುಮಟ್ಟಿಗೆ ಇನ್ನೂ ಒಮ್ಮೆಯೂ ಸಂತಾನ ಮಾಡಿರುವುದಿಲ್ಲ. ಅದನ್ನು ಹಿಡಿದರೆ ಹೋಗುವುದು ಒಂದು ಮೀನಲ್ಲ, ಒಂದು ಹಿಂಡು. ಜಿಲೇಬಿ ಮೀನಿಗೆ ಮಾತ್ರ ಈ ಕನಿಕರ ಬೇಕಿಲ್ಲ. ಅದು ಪದೇ ಪದೇ ಮರಿ ಮಾಡಿ ಕೆರೆಯನ್ನೇ ತುಂಬಿಕೊಳ್ಳುವ ಜಾತಿ, ಚಿಕ್ಕದಾದರೂ ಹಿಡಿಯಬಹುದು.

ಮೀನಿಗೆ ಅಳತೆ ಗೊತ್ತುಮಾಡುವುದು ವಿಚಿತ್ರವೇನೂ ಅಲ್ಲ. ಬಲೆಯ ಅಳತೆಯನ್ನು ನಿಯಮಿಸುವ ಅಧಿಕಾರವನ್ನು 1897ರ ಮೀನುಗಾರಿಕೆ ಕಾಯ್ದೆಯೇ ಸರಕಾರಗಳಿಗೆ ಕೊಟ್ಟಿತ್ತು. ನೆರೆಯ ಕೇರಳವು 2015ರಲ್ಲಿ 14 ಜಾತಿಯ ಸಮುದ್ರ ಮೀನುಗಳಿಗೂ, 2017ರಲ್ಲಿ 58 ಜಾತಿಗಳಿಗೂ ಕನಿಷ್ಠ ಅಳತೆ ಗೊತ್ತುಮಾಡಿತು. ಅಲ್ಲಿ 10 ಸೆಂಟಿಮೀಟರಿಗಿಂತ ಚಿಕ್ಕ ಬೂತಾಯಿ, 14 ಸೆಂಟಿಮೀಟರಿಗಿಂತ ಚಿಕ್ಕ ಬಂಗುಡೆ ಹಿಡಿಯುವಂತಿಲ್ಲ. ಸಮುದ್ರಕ್ಕೇ ಲೆಕ್ಕ ಬೇಕಾದ ಮೇಲೆ ಊರ ಕೆರೆಗೆ ಬೇಡವೇ?

ಆದರೆ ನೂರಾರು ಕಾಲು ಕಲಕಿದ ಕೆಸರಿನಲ್ಲಿ ಅಳತೆಗೋಲು ಹಿಡಿದು ನಿಲ್ಲುವವರು ಯಾರು? ಅದಕ್ಕೆ ಸುಲಭದ ದಾರಿಗಳಿವೆ. ಮೊದಲನೆಯದಾಗಿ, ಕೂಣಿಯ ಕಡ್ಡಿಗಳ ನಡುವೆ ಎರಡು ಬೆರಳಿನ ಸಂದು ಇರಲಿ. ಮರಿ ತಾನಾಗಿಯೇ ನುಸುಳಿ ಹೋಗುತ್ತದೆ. ಕಾವಲು ಬೇಡ, ಜಗಳ ಬೇಡ. ಎರಡನೆಯದಾಗಿ, ಬಹುಮಾನ ಇಡುವುದಾದರೆ ಹೆಚ್ಚು ಮೀನು ಹಿಡಿದವನಿಗೆ ಬೇಡ, ಎಲ್ಲಕ್ಕಿಂತ ದೊಡ್ಡ ಮೀನು ಹಿಡಿದವನಿಗಿರಲಿ. ಎಣಿಕೆಗೆ ಬಹುಮಾನವೆಂದರೆ ಮರಿಯೂ ಲೆಕ್ಕಕ್ಕೆ ಬರುತ್ತದೆ. ಮೂರನೆಯದಾಗಿ, ತೂಬಿನ ಬಳಿ ಆಳವಾದ ಒಂದು ಭಾಗಕ್ಕೆ ಹಗ್ಗ ಕಟ್ಟಿ, ಅಲ್ಲಿ ಯಾರೂ ಇಳಿಯದಂತೆ ಮಾಡಿ. ಕೈಗೆ ಬಂದ ಮರಿಯನ್ನು ಕೂಡಲೇ, ಒದ್ದೆ ಕೈಯಲ್ಲೇ, ಆ ತಿಳಿನೀರಿಗೆ ಬಿಡಬೇಕು. ಬೇಟೆ ಮುಗಿಯುವ ತನಕ ಚೀಲದಲ್ಲಿಟ್ಟು ಆಮೇಲೆ ಬಿಡುವುದು ಸತ್ತ ಮೀನನ್ನು ಬಿಟ್ಟಂತೆ. ಕೆಸರು ನೀರಿಗೇ ಬಿಟ್ಟರೂ ಕಿವಿರಿಗೆ ಮಣ್ಣು ಮೆತ್ತಿ ಉಸಿರು ಕಟ್ಟುತ್ತದೆ.

ಮಳೆಗಾಲದವರೆಗೆ ನೀರು ನಿಲ್ಲದ ಕೆರೆಗಳಿಗೆ ಈ ಮಾತು ಅನ್ವಯಿಸದು. ಹದಿನೈದು ದಿನದಲ್ಲಿ ಬಿರಿದು ಹೋಗುವ ಕೆರೆಯಲ್ಲಿ ಮರಿ ಬಿಟ್ಟರೆ ಕೊಕ್ಕರೆಗೆ ಹಬ್ಬ, ಅಷ್ಟೆ. ಅಂಥ ಕಡೆ ಬದುಕಿದ ಮರಿಗಳನ್ನು ಶುದ್ಧ ನೀರಿನ ಪಾತ್ರೆಯಲ್ಲಿ ಹತ್ತಿರದ ನೀರಿರುವ ಕೆರೆಗೆ ಸಾಗಿಸಬಹುದು. ಆಗದಿದ್ದರೆ ಹಿಡಿದು ತಿನ್ನುವುದೇ ಸರಿ. ಆದುದರಿಂದ ಕೆರೆಬೇಟೆಯ ದಿನ ಗೊತ್ತುಮಾಡುವ ಹಿರಿಯರು ಪಂಚಾಂಗದ ಜೊತೆಗೆ ಕೆರೆಯ ನೀರನ್ನೂ ನೋಡಲಿ.

ಸರಕಾರ ಆಜ್ಞೆ ಮಾಡಲೆಂದು ಕಾಯಬೇಕಾಗಿಲ್ಲ. ಯಾವ ದಿನ ಬೇಟೆ, ಕೂಣಿಗೆ ಎಷ್ಟು ಹಣ ಎಂಬುದನ್ನು ಊರೇ ತೀರ್ಮಾನಿಸುತ್ತದೆ. ಅದೇ ಸಭೆಯಲ್ಲಿ ಈ ಮೂರು ಮಾತುಗಳನ್ನೂ ಸೇರಿಸಿ, ಹಣ ಕಟ್ಟಿಸಿಕೊಳ್ಳುವ ಮುನ್ನವೇ ಹೊರಗಿನವರಿಗೆ ತಿಳಿಸಿದರೆ ಸಾಕು. ಬಿತ್ತನೆಗೆಂದು ಇಟ್ಟ ಭತ್ತವನ್ನು ಹಬ್ಬದ ದಿನವೂ ಕುಟ್ಟದವರು ನಾವು. ಕೆರೆಯ ಮರಿಗೂ ಅದೇ ನ್ಯಾಯ ಸಲ್ಲಲಿ.