ಒಡಲಿನಲ್ಲಿ ಮತ್ತೆ ವಸತಿ

'ಪುನರ್ವಸತಿ' ಎಂಬ ಶಬ್ದ ನಮ್ಮ ಭಾಗದ ಜನರಿಗೆ ಹೊಸದಲ್ಲ. ಕೃಷ್ಣಾ ಮೇಲ್ದಂಡೆ ಯೋಜನೆಯ ಹಿನ್ನೀರಿನಲ್ಲಿ ಊರು ಮುಳುಗಿದವರಿಗೆ ಬೇರೆ ನೆಲೆ ಒದಗಿಸುವುದನ್ನು ಪುನರ್ವಸತಿ ಎಂದು ಕರೆದೆವು. ಬೆನ್ನುಹುರಿಗೆ ಪೆಟ್ಟು ಬಿದ್ದ ಮಗುವಿನ ವಿಷಯದಲ್ಲಿ ವೈದ್ಯರೂ ಇದೇ ಶಬ್ದವನ್ನು ಬಳಸುತ್ತಾರೆ. ಮೇಲುನೋಟಕ್ಕೆ ಒಂದಕ್ಕೊಂದು ಸಂಬಂಧವಿಲ್ಲ. ವಿಚಾರಿಸಿ ನೋಡಿದರೆ ಶಬ್ದ ಸರಿಯಾಗಿಯೇ ಒಪ್ಪುತ್ತದೆ. ಆ ಮಗು ತನ್ನ ಒಡಲಿನಿಂದಲೇ ಒಕ್ಕಲೆದ್ದಿದೆ. ಅದೇ ಒಡಲಿನಲ್ಲಿ ಅದು ಮತ್ತೆ ಸಂಸಾರ ಹೂಡಬೇಕಾಗಿದೆ. ಊರು ಮುಳುಗಿದವರಿಗೆ ಪರಿಹಾರದ ಹಣ ಕೊಟ್ಟು ಕೈತೊಳೆದುಕೊಂಡರೆ ಪುನರ್ವಸತಿಯಾಯಿತೆಂದು ಯಾರೂ ಒಪ್ಪುವುದಿಲ್ಲ. ಮಗುವಿಗೆ ಶಸ್ತ್ರಚಿಕಿತ್ಸೆ ಮಾಡಿಸಿ ಮನೆಗೆ ಕಳುಹಿಸಿದೊಡನೆ ಮಾತ್ರ ಎಲ್ಲವೂ ಮುಗಿಯಿತೆಂದು ನಾವು ನಂಬಿಬಿಡುತ್ತೇವೆ.

ಶಸ್ತ್ರಚಿಕಿತ್ಸೆ ಮಾಡುವುದೇನು ಎಂಬುದನ್ನು ಸ್ಪಷ್ಟವಾಗಿ ತಿಳಿಯಬೇಕು. ಮುರಿದ ಅಥವಾ ಜರುಗಿದ ಕಶೇರುಗಳನ್ನು ಅದು ಸ್ಥಿರಗೊಳಿಸುತ್ತದೆ. ಹುರಿಯ ಮೇಲಿನ ಒತ್ತಡವನ್ನು ತೆಗೆಯುತ್ತದೆ. ಮುಂದಿನ ಹಾನಿಯನ್ನು ತಡೆಯುತ್ತದೆ. ಹರಿದ ನರತಂತುಗಳನ್ನು ಹೊಲಿದು ಮೊದಲಿನಂತೆ ಮಾಡುವ ವಿದ್ಯೆ ಇಂದಿಗೂ ಮನುಷ್ಯನಿಗೆ ಸಿದ್ಧಿಸಿಲ್ಲ. ಉಳಿದ ಶಕ್ತಿಯನ್ನು ಎಚ್ಚರಿಸಿ, ಬಳಸಿ, ಬೆಳೆಸುವ ಕೆಲಸವೆಲ್ಲ ಆಮೇಲಿನದು. ಬೆಳೆದವರಿಗಿಂತ ಮಗುವಿಗೆ ಈ ಕೆಲಸ ಕಠಿಣ, ಏಕೆಂದರೆ ಮಗು ಬೆಳೆಯುತ್ತದೆ. ಸ್ನಾಯುಗಳ ಆಸರೆಯಿಲ್ಲದ ಬೆನ್ನು ಬೆಳೆಯುತ್ತ ಬೆಳೆಯುತ್ತ ಬಾಗುತ್ತದೆ. ಸೊಂಟದ ಕೀಲು ಜಾರುತ್ತದೆ. ಈ ವರ್ಷ ಹೊಂದಿದ ಕ್ಯಾಲಿಪರ್ ಬರುವ ವರ್ಷ ಗಿಡ್ಡವಾಗುತ್ತದೆ. ನೋವು ತಿಳಿಯದ ಚರ್ಮ ಒಂದೇ ಮಗ್ಗುಲಿನಲ್ಲಿ ಒತ್ತಿದರೆ ಹುಣ್ಣಾಗುತ್ತದೆ. ಮೂತ್ರಕೋಶ ಪೂರ್ತಿಯಾಗಿ ಬರಿದಾಗದಿದ್ದರೆ ಸೋಂಕು ಮೂತ್ರಪಿಂಡಕ್ಕೆ ಏರುತ್ತದೆ. ಕ್ಯಾಥೆಟರ್ ಎಂಬ ತೆಳುವಾದ ಕೊಳವೆಯಿಂದ ದಿನಕ್ಕೆ ಹಲವು ಸಲ ಮೂತ್ರವನ್ನು ಹೊರತೆಗೆಯಬಹುದು, ಅದಕ್ಕೆ ತೊಳೆದ ಕೈಗಳಷ್ಟು ಶುಚಿ ಸಾಕು ಎಂಬುದನ್ನು ಅಮೆರಿಕದ ವೈದ್ಯ ಜ್ಯಾಕ್ ಲ್ಯಾಪಿಡಿಸ್ 1972ರಲ್ಲಿ ತೋರಿಸಿಕೊಟ್ಟರು. ಹಳ್ಳಿಯ ತಾಯಿಯೊಬ್ಬಳು ಕಲಿಯಬಹುದಾದ, ಕೆಲವು ವರ್ಷಗಳಲ್ಲಿ ಮಗುವೇ ಕಲಿಯಬಹುದಾದ ವಿದ್ಯೆ ಇದು. ಆದರೆ ಯಾರಾದರೂ ಕುಳಿತು ಕಲಿಸಬೇಕು.

ಈ ಕ್ಷೇತ್ರದ ಚರಿತ್ರೆಯೇ ಇದಕ್ಕೆ ಸಾಕ್ಷಿ. ಎರಡನೆಯ ಮಹಾಯುದ್ಧಕ್ಕೆ ಮುಂಚೆ ಬೆನ್ನುಹುರಿ ಕಡಿದವರಲ್ಲಿ ಬಹುಪಾಲು ಜನ ಹಾಸಿಗೆ ಹುಣ್ಣಿನಿಂದಲೋ ಮೂತ್ರದ ಸೋಂಕಿನಿಂದಲೋ ಬೇಗನೆ ಸಾಯುತ್ತಿದ್ದರು. ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್‌ನಲ್ಲಿ 1944ರಲ್ಲಿ ಲುಡ್ವಿಗ್ ಗುಟ್‌ಮನ್ ಈ ಸ್ಥಿತಿಯನ್ನು ಬದಲಿಸಿದ್ದು ಹೊಸ ಬಗೆಯ ಶಸ್ತ್ರಕ್ರಿಯೆಯಿಂದಲ್ಲ. ಹಗಲೂ ರಾತ್ರಿ ಎರಡು ಗಂಟೆಗೊಮ್ಮೆ ರೋಗಿಯ ಮಗ್ಗುಲು ಬದಲಿಸುವ ನಿಯಮದಿಂದ, ಕೈಗೆ ಕೆಲಸವನ್ನೂ ಮನಸ್ಸಿಗೆ ಆಟವನ್ನೂ ಕೊಟ್ಟದ್ದರಿಂದ. ನಮ್ಮ ದೇಶದಲ್ಲಿ ಡಾ. ಮೇರಿ ವರ್ಗೀಸ್ 1954ರ ಅಪಘಾತದಲ್ಲಿ ಕಾಲುಗಳ ಸ್ವಾಧೀನ ಕಳೆದುಕೊಂಡರು. ಗಾಲಿಕುರ್ಚಿಯಲ್ಲಿ ಕುಳಿತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. 1966ರಲ್ಲಿ ವೆಲ್ಲೂರಿನಲ್ಲಿ ಪುನರ್ವಸತಿ ಕೇಂದ್ರ ಪ್ರಾರಂಭವಾಗಲು ಕಾರಣರಾದರು. ಬೆಂಗಳೂರಿನ ಮಾಲತಿ ಹೊಳ್ಳ ಅವರನ್ನು ಶೈಶವದಲ್ಲಿ ಪೀಡಿಸಿದ್ದು ಪೋಲಿಯೊ. ಅದೂ ಬೆನ್ನುಹುರಿಯ ಕೋಶಗಳನ್ನೇ ಕೊಲ್ಲುವ ರೋಗ. ಮೂವತ್ತಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳಿಗೆ ಅವರು ಒಳಗಾದರು. ಆದರೆ 1995ರ ಅರ್ಜುನ ಪ್ರಶಸ್ತಿ, 2001ರ ಪದ್ಮಶ್ರೀ ಅವರಿಗೆ ಬಂದದ್ದು ಗಾಲಿಕುರ್ಚಿಯಲ್ಲಿ ಕುಳಿತ ಕ್ರೀಡಾಪಟುವಾಗಿ.

ಹೀಗಿರುವಾಗ ನಮ್ಮ ಊರುಗಳಲ್ಲಿ ಆಸ್ಪತ್ರೆಯಿಂದ ಮರಳಿದ ಮಗುವಿನ ಮನೆಗೆ ಬಂದವರೆಲ್ಲರೂ ಕೇಳುವ ಪ್ರಶ್ನೆ ಒಂದೇ: "ಹುಡುಗ ಯಾವಾಗ ನಡೀತಾನ್ರಿ?" ಪ್ರೀತಿಯಿಂದ ಕೇಳಿದ ಪ್ರಶ್ನೆಯೇ ಆದರೂ ಅದು ಮಾಡುವ ಕೇಡು ಸಣ್ಣದಲ್ಲ. ನಡಿಗೆಯೊಂದೇ ಗುಣವಾದದ್ದರ ಗುರುತು ಎಂದಾದರೆ, ತಾನಾಗಿ ಎದ್ದು ಕುಳಿತದ್ದು, ಮಂಚದಿಂದ ಕುರ್ಚಿಗೆ ಸರಿದದ್ದು, ತನ್ನ ಅಂಗಿ ತಾನೇ ತೊಟ್ಟದ್ದು ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. ನಡೆಯದ ಮಗು ಸೋತ ಮಗುವಾಗುತ್ತದೆ. ಆಗ ಮನೆಯವರು ಬೇಸತ್ತು ವ್ಯಾಯಾಮ ನಿಲ್ಲಿಸಿ, ಇದ್ದಬದ್ದ ಹಣವನ್ನು ಪವಾಡ ಮಾಡುವೆನೆಂಬವರ ಕೈಗೆ ಸುರಿಯುತ್ತಾರೆ. "ಶಾಲೆಗೆ ಎಂದಿನಿಂದ ಬರುತ್ತಾನೆ?" ಎಂದು ಕೇಳುವುದು ನಮ್ಮ ಬಾಯಿಗೆ ಏಕೆ ಬಾರದು?

ಕಮಲಾಪುರ ತಾಲ್ಲೂಕಿನ ಮಹಾಗಾಂವವನ್ನೇ ಎಣಿಸಿಕೊಳ್ಳಿ. ಕಲಬುರಗಿ ನಗರ ದೂರವಲ್ಲ. ಹುಮನಾಬಾದಿನ ಹೆದ್ದಾರಿ ಹಿಡಿದರೆ ಬೇಗನೆ ತಲುಪಬಹುದು. ಆದರೆ ಕುಳಿತುಕೊಳ್ಳಲಾರದ ಮಗುವನ್ನು ಎತ್ತಿಕೊಂಡು, ಕೂಲಿ ಬಿಟ್ಟು, ವಾರಕ್ಕೆ ಮೂರು ದಿನ ಫಿಸಿಯೋಥೆರಪಿಗೆ ಹೋಗಿಬರುವ ತಾಯಿಗೆ ಆ ದಾರಿ ಬೇರೆಯೇ. ಮಳೆಗಾಲದಲ್ಲಿ ಎರೆಮಣ್ಣು ಗಾಲಿಕುರ್ಚಿಯ ಗಾಲಿಗೆ ಮೆತ್ತಿಕೊಂಡು ಬಿಡುವುದಿಲ್ಲ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವ ನಾಡಿದು. ಸರ್ಕಾರಿ ಕಚೇರಿಗಳ ವೇಳೆಯನ್ನೇ ಮುಂಜಾನೆಗೆ ಬದಲಿಸುತ್ತಾರೆ. ಬೆನ್ನಿನ ಮೇಲ್ಭಾಗದಲ್ಲಿ ಪೆಟ್ಟು ಬಿದ್ದ ಮಗುವಿಗೆ ಅಲ್ಲಿಂದ ಕೆಳಗೆ ಬೆವರೇ ಬಾರದಿರುವುದುಂಟು. ಬಿಸಿಲು ಅದಕ್ಕೆ ಪ್ರಾಣಾಪಾಯವಾಗಬಲ್ಲದು. ದೂರದ ನಗರದಲ್ಲಿ ಬರೆದುಕೊಟ್ಟ ವ್ಯಾಯಾಮದ ಚೀಟಿ ಇದನ್ನೆಲ್ಲ ಹೇಗೆ ತಿಳಿದೀತು?

ಆದ್ದರಿಂದ ಪುನರ್ವಸತಿ ಮಗುವಿನ ಮನೆ ಬಾಗಿಲಿಗೆ ಬರಬೇಕು. ಇದಕ್ಕೆ ಹೊಸ ಇಲಾಖೆಯನ್ನು ಹುಟ್ಟಿಸಬೇಕಾಗಿಲ್ಲ. ಗ್ರಾಮ ಪಂಚಾಯತಿಗಳ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೆಂಬವರನ್ನು ಕರ್ನಾಟಕ ಸರ್ಕಾರ ನೇಮಿಸಿದೆ. ಅಲ್ಪ ಗೌರವಧನಕ್ಕೆ ದುಡಿಯುವ ಈ ಜನರನ್ನು ಮಾಸಾಶನದ ಅರ್ಜಿಗಳಿಗೇ ಕಟ್ಟಿಹಾಕದೆ, ಮಗ್ಗುಲು ಬದಲಿಸುವುದು, ಕೀಲುಗಳನ್ನು ಆಡಿಸುವುದು, ಚರ್ಮವನ್ನು ಪರೀಕ್ಷಿಸುವುದು ಇವುಗಳಲ್ಲಿ ತರಬೇತಿ ಕೊಟ್ಟು, ತಕ್ಕ ಸಂಬಳವನ್ನೂ ಕೊಡಬೇಕು. ತಾಲ್ಲೂಕಿಗೊಬ್ಬ ಫಿಸಿಯೋಥೆರಪಿಸ್ಟ್ ಹಳ್ಳಿಗಳಿಗೆ ಹೋಗಿ ಇವರ ಕೆಲಸವನ್ನು ತಿದ್ದಬೇಕು.

ಅಧ್ಯಾಪಕರಿಗೂ ಒಂದು ಮಾತು. 6ರಿಂದ 18 ವರ್ಷದೊಳಗಿನ, ಶೇಕಡ 40ಕ್ಕೆ ಕಡಿಮೆಯಿಲ್ಲದ ಅಂಗವೈಕಲ್ಯದ ಮಗುವಿಗೆ ನೆರೆಯ ಶಾಲೆಯಲ್ಲಿ ಉಚಿತವಾಗಿ ಕಲಿಯುವ ಹಕ್ಕನ್ನು 2016ರ ಕಾಯಿದೆ ಕೊಟ್ಟಿದೆ. ಹಕ್ಕು ಮೆಟ್ಟಿಲ ಮುಂದೆ ನಿಂತರೆ ಏನು ಫಲ? ನಮ್ಮಲ್ಲಿ ಶಹಾಬಾದಿನ ಕಲ್ಲಿಗೆ ಬರವಿಲ್ಲ. ಮೈ ಒರಟು ಮಾಡಿದ ನಾಲ್ಕು ಕಲ್ಲುಗಳನ್ನು ಓರೆಯಾಗಿ ಹಾಸಿದರೆ ಕುರ್ಚಿ ತರಗತಿಗೆ ಏರುತ್ತದೆ. ಅದರ ಜೊತೆಗೆ ನೀರಿರುವ, ಬಾಗಿಲಿರುವ ಒಂದು ಶೌಚಾಲಯ ಬೇಕು. ಇಲ್ಲದಿದ್ದರೆ ಮಗು ಮಧ್ಯಾಹ್ನಕ್ಕೆ ಮನೆಗೆ ಮರಳುತ್ತದೆ, ಮರುವರ್ಷ ಬರುವುದನ್ನೇ ಬಿಡುತ್ತದೆ.

ಶಸ್ತ್ರಚಿಕಿತ್ಸೆಗೆ ಹಣ ಬೇಕೆಂದಾಗ ನಮ್ಮ ಜನ ಹಿಂದೆಗೆಯುವುದಿಲ್ಲ. ಜೋಳಿಗೆ ಹಿಡಿದರೆ ತುಂಬಿಸುತ್ತಾರೆ. ಆದರೆ ಶರಣಬಸವೇಶ್ವರರ ಈ ನಾಡು ಕಂಡ ದಾಸೋಹ ಒಂದು ದಿನದ ದಾನವಲ್ಲ. ನಿನ್ನೆ ಉಂಡವನಿಗೆ ಇಂದೂ ಹಸಿವಾಗುತ್ತದೆ ಎಂದು ತಿಳಿದು ದಿನವೂ ಒಲೆ ಹಚ್ಚುವ ಕ್ರಮ ಅದು. ಆಸ್ಪತ್ರೆಯಿಂದ ಮರಳಿದ ಮಗುವಿಗೆ ಬೇಕಾದದ್ದು ಅಂಥ ನಿತ್ಯದ ಆರೈಕೆ. ಅದನ್ನು ತಾಯಿಯೊಬ್ಬಳ ಹೆಗಲಿಗೇ ಬಿಟ್ಟು ಕುಳಿತಿರುವ ತನಕ 'ಪುನರ್ವಸತಿ' ಎಂಬ ಮಾತನ್ನು ಆಡುವ ಅಧಿಕಾರ ನಮಗಿಲ್ಲ.