ದಾಖಲೆ ಈಜುಪಟುವಿನದೋ, ಉಡುಗೆಯದೋ?

ರೋಮ್‌ನಲ್ಲಿ 2009ರ ಜುಲೈ 28ರಂದು ವಿಶ್ವ ಈಜು ಚಾಂಪಿಯನ್‌ಷಿಪ್‌ನ ಪುರುಷರ 200 ಮೀಟರ್ ಫ್ರೀಸ್ಟೈಲ್ ಫೈನಲ್ ನಡೆಯಿತು. ಜರ್ಮನಿಯ ಪಾಲ್ ಬೀಡರ್‌ಮನ್ 1 ನಿಮಿಷ 42.00 ಸೆಕೆಂಡುಗಳಲ್ಲಿ ಗುರಿ ಮುಟ್ಟಿ, ಅಮೆರಿಕದ ಮೈಕೆಲ್ ಫೆಲ್ಪ್ಸ್ ಅವರನ್ನು 1.22 ಸೆಕೆಂಡುಗಳಿಂದ ಹಿಂದಿಕ್ಕಿದರು. ಹದಿನೈದು ವರ್ಷಗಳ ಬಳಿಕ, 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲೂ ಆ ವಿಶ್ವದಾಖಲೆಯನ್ನು ಅಳಿಸಲು ಯಾರಿಂದಲೂ ಆಗಲಿಲ್ಲ. ಬೀಡರ್‌ಮನ್ ಪ್ರತಿಭಾವಂತರೆಂಬುದರಲ್ಲಿ ಸಂಶಯವಿಲ್ಲ. ಆದರೆ ಅಂದು ಅವರು ತೊಟ್ಟಿದ್ದಂತಹ ಉಡುಗೆಗೆ ಐದೇ ತಿಂಗಳಲ್ಲಿ ನಿಷೇಧ ಬಿತ್ತು.

ಮೈಮೇಲೆ ಬಟ್ಟೆ ಕಡಿಮೆಯಾದಷ್ಟೂ ವೇಗ ಹೆಚ್ಚು ಎಂಬುದು ಈಜುಕೊಳದ ಹಳೆಯ ನಂಬಿಕೆ. ಮಾರ್ಕ್ ಸ್ಪಿಟ್ಜ್ 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಏಳು ಚಿನ್ನ ಗೆದ್ದದ್ದು ಪುಟ್ಟ ಚಡ್ಡಿಯಲ್ಲಿಯೇ. ಟೋಪಿ, ಕನ್ನಡಕಗಳ ಗೊಡವೆಯೂ ಅವರಿಗಿರಲಿಲ್ಲ. 2000ದ ಸಿಡ್ನಿ ಒಲಿಂಪಿಕ್ಸ್ ಹೊತ್ತಿಗೆ ಈ ನಂಬಿಕೆ ತಲೆಕೆಳಗಾಗಿತ್ತು. ಆಸ್ಟ್ರೇಲಿಯಾದ ಇಯಾನ್ ಥೋರ್ಪ್ ಮೈತುಂಬ ಕಪ್ಪು ಉಡುಗೆ ತೊಟ್ಟು ನೀರಿಗಿಳಿದರು.

ಆದರೂ ಅದು ಬಟ್ಟೆಯೇ ಆಗಿತ್ತು. ನಿಜವಾದ ತಿರುವು ಬಂದದ್ದು 2008ರ ಫೆಬ್ರುವರಿಯಲ್ಲಿ ಸ್ಪೀಡೊ ಕಂಪೆನಿ ಬಿಡುಗಡೆ ಮಾಡಿದ ಎಲ್‌ಜೆಡ್‌ಆರ್ ರೇಸರ್‌ನಿಂದ. ಅದರ ವಸ್ತುಗಳನ್ನು ನಾಸಾದ ಗಾಳಿ ಸುರಂಗದಲ್ಲಿ ಪರೀಕ್ಷಿಸಲಾಗಿತ್ತು. ಹೊಲಿಗೆಯ ಬದಲು ಶ್ರವಣಾತೀತ ತರಂಗಗಳಿಂದ ಅಂಚುಗಳನ್ನು ಬೆಸೆಯಲಾಗಿತ್ತು. ನಡುನಡುವೆ ಅಳವಡಿಸಿದ್ದ ಪಾಲಿಯುರಿಥೇನ್ ಪಟ್ಟಿಗಳು ದೇಹವನ್ನು ಬಿಗಿದು, ನೀರಿನ ಪ್ರತಿರೋಧವನ್ನು ತಗ್ಗಿಸುತ್ತಿದ್ದವು. ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ 25 ವಿಶ್ವದಾಖಲೆಗಳು ಉರುಳಿದವು. ಬಹುಪಾಲು ಈ ಉಡುಗೆ ತೊಟ್ಟವರದೇ. ಪ್ರತಿಸ್ಪರ್ಧಿ ಕಂಪೆನಿಗಳು ಸುಮ್ಮನಿರಲಿಲ್ಲ. ಮರುವರ್ಷ ಪೂರ್ಣ ಪಾಲಿಯುರಿಥೇನ್ ಉಡುಗೆಗಳು ಬಂದವು. ರೋಮ್‌ನಲ್ಲಿ 43 ವಿಶ್ವದಾಖಲೆಗಳಾದವು.

ಸೋಲಿನ ಬಳಿಕ ಫೆಲ್ಪ್ಸ್ ಅವರ ತರಬೇತುದಾರ ಬಾಬ್ ಬೋಮನ್, ನಿಷೇಧ ಜಾರಿಯಾಗುವವರೆಗೆ ತಮ್ಮ ಶಿಷ್ಯನನ್ನು ಅಂತರರಾಷ್ಟ್ರೀಯ ಸ್ಪರ್ಧೆಗಿಳಿಸದಿರುವ ಬೆದರಿಕೆ ಹಾಕಿದರು. ಆಕ್ಷೇಪ ಸರಿಯೇ, ಕಾಲ ಮಾತ್ರ ತಡ. ಬೀಜಿಂಗ್‌ನಲ್ಲಿ ಎಂಟು ಚಿನ್ನ ಗೆದ್ದಾಗ ಫೆಲ್ಪ್ಸ್ ತೊಟ್ಟಿದ್ದುದೂ ಎಲ್‌ಜೆಡ್‌ಆರ್ ಉಡುಗೆಯನ್ನೇ. ಉಡುಗೆಯಿಂದ ನೆರವಾಗುತ್ತದೆ ಎಂಬುದನ್ನು ಬೀಡರ್‌ಮನ್ ಮುಚ್ಚಿಡಲಿಲ್ಲ. ಹೊಣೆ ಹೊರಬೇಕಾದದ್ದು ಈ ಉಡುಗೆಗಳಿಗೆ ಒಪ್ಪಿಗೆ ನೀಡಿದ್ದ ಅಂತರರಾಷ್ಟ್ರೀಯ ಈಜು ಒಕ್ಕೂಟ ಫಿನಾ.

2010ರ ಜನವರಿ 1ರಿಂದ ಪುರುಷರ ಉಡುಗೆ ಸೊಂಟದಿಂದ ಮೊಣಕಾಲಿನವರೆಗೆ ಮಾತ್ರ, ಅದೂ ಬಟ್ಟೆಯದೇ ಆಗಿರಬೇಕೆಂದು ಫಿನಾ ನಿಯಮ ತಂದಿತು. ದಾಖಲೆಗಳನ್ನು ಮಾತ್ರ ಹಾಗೆಯೇ ಉಳಿಸಿಕೊಂಡಿತು. ಎರಡು ಕಾಲಗಳ ದಾಖಲೆಗಳನ್ನು ಪ್ರತ್ಯೇಕವಾಗಿ ಬರೆದಿಡುವ ಸರಳ ದಾರಿಯನ್ನು ಅದು ಹಿಡಿಯಲಿಲ್ಲ. ದಂಡ ತೆತ್ತವರು ನಂತರದ ಪೀಳಿಗೆಯವರು. ಬ್ರೆಜಿಲ್‌ನ ಸೀಸರ್ ಸಿಯೆಲೊ ರೋಮ್‌ನಲ್ಲೇ ಬರೆದಿದ್ದ 100 ಮೀಟರ್ ಫ್ರೀಸ್ಟೈಲ್ ದಾಖಲೆ 46.91 ಸೆಕೆಂಡು. ಅದನ್ನು ರುಮೇನಿಯಾದ ಡೇವಿಡ್ ಪೊಪೊವಿಚಿ ಮುರಿದದ್ದು 2022ರ ಆಗಸ್ಟ್‌ನಲ್ಲಿ. ಬೀಡರ್‌ಮನ್ ಅವರ 400 ಮೀಟರ್ ದಾಖಲೆ 3 ನಿಮಿಷ 40.07 ಸೆಕೆಂಡು 2025ರ ಏಪ್ರಿಲ್‌ವರೆಗೂ ಉಳಿಯಿತು. ಅವರದೇ ನಾಡಿನ ಲೂಕಾಸ್ ಮೆರ್ಟೆನ್ಸ್ ಆಗ ಅದಕ್ಕಿಂತ ಸೆಕೆಂಡಿನ ನೂರರ ಹನ್ನೊಂದು ಭಾಗದಷ್ಟು ಮುಂಚೆ ಗುರಿ ಮುಟ್ಟಿದರು, ಮೊಣಕಾಲಿನವರೆಗಿನ ಬಟ್ಟೆಯ ಉಡುಗೆಯಲ್ಲಿ.